ನಂಬಿಗಸ್ಥ ಸೊಂಟ

ಸುಧಾರಿಸಿದ ಮನೆತನದವನೆಂದು ಹೇಳಿಕೊಳ್ಳುವ ಚಟ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ. ನಾವು ಶರಣರ ಹಾದಿಯವರು, ನಮ್ಮಲ್ಲಿ ಮುಟ್ಟು ಮೈಲಿಗೆ ಎಣಿಸುವುದಿಲ್ಲ ಎಂದು ನಮ್ಮೂರು ಅಂಕಲಗಿಯ ಕಟ್ಟೆಗಳ ಮೇಲೆಲ್ಲ ಹೇಳಿ ಬಂದವನು ನಾನು. ಇದರ ಫಲವೇನೆಂದರೆ, ಮೈಲಿಗೆ ಎಣಿಸುವ ಬಾಜೂ ಮನೆಯ ಹುಡುಗಿ ಮುಟ್ಟಿನ ದಿನಗಳಲ್ಲಿ ಮೂಲೆಯಲ್ಲಾದರೂ ಮಲಗುತ್ತಿದ್ದಳು. ಪಿಯುಸಿ ಓದುವ ನನ್ನ ಮಗಳು ಅಕ್ಷತಾ ಹೊಟ್ಟೆ ಹಿಡಿದುಕೊಂಡು ರೊಟ್ಟಿ ಬಡಿಯುತ್ತಿದ್ದಳು. ನೋವೆಂದರೆ, "ಎಲ್ಲಾರಿಗೂ ಇರೂದ ಬಿಡವಾ" ಎನ್ನುತ್ತಿದ್ದೆವು. ಕಾಲೇಜು ತಪ್ಪತೊಡಗಿದ ಮೇಲೆ ಗೋಕಾಕಿನ ಲೇಡಿ ಡಾಕ್ಟರ ಬಳಿ ಕರೆದೊಯ್ದೆ.

"ಮುಟ್ಟಿನ ತೊಂದರಿ ಐತೇನ್ರಿ?" ಎಂದು ಅವರು ಕೇಳಿದರು. ನಾನು ಎದೆಯುಬ್ಬಿಸಿ, "ನಮ್ಮ ಮನ್ಯಾಗ ಮುಟ್ಟ ಇಲ್ಲರಿ" ಎಂದೆ. ಡಾಕ್ಟರು ಗಾಬರಿಯಾಗಿ, "ಎಷ್ಟ ತಿಂಗಳಿಂದ ಇಲ್ಲ?" ಎಂದರು. ಅಕ್ಷತಾ, "ಅಪ್ಪಾರು ಧರ್ಮದ ಮಾತ ಹೇಳಾಕತ್ತಾರ್ರಿ. ನನಗ ಪ್ರತಿ ತಿಂಗಳಾ ಆಗತೈತಿ" ಎಂದಳು.

ಸ್ಕ್ಯಾನಿಂಗ್, ಓಡಾಟ ಎಲ್ಲ ಮುಗಿದ ಮೇಲೆ ಎಂಡೊಮೆಟ್ರಿಯೋಸಿಸ್ ಎಂದಾಯಿತು: ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆದು ಹಿಂಡುವ ಕಾಯಿಲೆ. ಗುಳಿಗೆಯ ಜೊತೆಗೆ ಬಿಸಿನೀರಿನ ಚೀಲದ ಶಾಖ, ಹಗುರವಾದ ವ್ಯಾಯಾಮ, ಬೇಕಾದರೆ ಚರ್ಮಕ್ಕೆ ಅಂಟಿಸಿಕೊಂಡರೆ ಜುಮುಗುಡಿಸಿ ನೋವು ತಗ್ಗಿಸುವ ಸಣ್ಣ ಯಂತ್ರ. "ನಮ್ಮೂರಾಗ ಕರೆಂಟ ಹೋದ್ರ?" ಎಂದೆ. "ಅದು ಬ್ಯಾಟರೀದ್ರಿ. ಮೊದಲ ಆಕಿ ನೋವು ಅಂದ್ರ ನಂಬೂದ ಕಲೀರಿ" ಎಂದರು ಡಾಕ್ಟರು.

ಅಂದು ಊರಿಗೆ ಮರಳುವಾಗ ಅಕ್ಷತಾಳ ನೋವು ಗೋಕಾಕಿನ ಬಸ್ ಸ್ಟ್ಯಾಂಡಿನಲ್ಲೇ ಶುರುವಾಯಿತು. ಹೊಸ ರಬ್ಬರ್ ಚೀಲ ಹಿಡಿದು ಚಹಾದಂಗಡಿಯಲ್ಲಿ ಬಿಸಿನೀರು ಕೇಳಿದೆ. "ಯಾರಿಗ್ರಿ?" ಎಂದ ಅಂಗಡಿಯವ. ಸುಧಾರಿಸಿದ ನನ್ನ ನಾಲಗೆ, "ನನಗ್ರಿ, ಸೊಂಟ ಹಿಡದೈತಿ" ಎಂದುಬಿಟ್ಟಿತು. ಅಲ್ಲೇ ಚಹಾ ಕುಡಿಯುತ್ತಿದ್ದ ಬಳೆಗಾರ್ತಿಯೊಬ್ಬಳು ಕೇಳಿ ಮರುಗಿದಳು. ಕಿಕ್ಕಿರಿದ ಬಸ್ಸಿನಲ್ಲಿ ಅವಳೇ ಎದ್ದು, "ಕುಂದ್ರರಿ ಅಣ್ಣಾ, ಸೊಂಟದ ನೋವ ಭಾಳ ಕೆಟ್ಟ" ಎಂದಳು. ಬೇಡವೆಂದರೆ ಸುಳ್ಳು ಬಯಲಾಗುತ್ತದೆಂದು ಕೂತೆ. ಹಿಂದಿನ ಸೀಟಿನವರು ಎಣ್ಣೆಯ ಹೆಸರು ಹೇಳಿದರು, ಮುಂದಿನವರು ಬೆಲ್ಟಿನದು. ಇಷ್ಟು ಜನ ನನ್ನನ್ನು ಎಂದೂ ನಂಬಿರಲಿಲ್ಲ.

ಅಕ್ಷತಾ ಚೀಲವನ್ನು ಓಢಣಿಯೊಳಗೆ ಹೊಟ್ಟೆಗೊತ್ತಿಕೊಂಡು ನಿಂತಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಕಂಬಿಗೆ ಹಣೆ ಒತ್ತುತ್ತಿದ್ದಳು. ನನಗೆ ನೋಡಲಾಗಲಿಲ್ಲ. "ನನ್ನ ಸೊಂಟ ನೆಟ್ಟಗೈತ್ರಿ. ನೋವು ಮಗಳಿಗಿ. ಮುಟ್ಟಿನ ನೋವು" ಎಂದೆ. ಸಣ್ಣಗೆ ಮಾತಾಡಿ ಗೊತ್ತಿಲ್ಲದ ಗಂಟಲು, ಡ್ರೈವರನಿಗೂ ಕೇಳಿಸಿತು.

"ಮತ್ತ ನೀವ್ಯಾಕ ಕುಂತೀರಿ? ಏಳ್ರಿ ಮ್ಯಾಲ!" ಎಂದಳು ಬಳೆಗಾರ್ತಿ.

ಅಕ್ಷತಾ ಕೂತು ಕಣ್ಣು ಮುಚ್ಚಿದಳು. ಅಂಕಲಗಿ ಬರುವಷ್ಟರಲ್ಲಿ ನಿಂತೂ ನಿಂತೂ ನನ್ನ ಸೊಂಟ ಖರೆ ಖರೆ ಹಿಡಿದುಕೊಂಡಿತು. ಎಲ್ಲರಿಗೂ ಹೇಳಿ ನೋಡಿದೆ, ಒಬ್ಬರೂ ನಂಬಲಿಲ್ಲ.