ಚಚಡಿಯಲ್ಲಿ ನಾನು ಮಾಡಿದ ಒಳ್ಳೆಯ ಅತ್ತೆಯ ಪಾತ್ರ

ಧಾರಾವಾಹಿಯಲ್ಲಿ ನಾನು ಅತ್ತೆ. ಸಾಧಾರಣ ಅತ್ತೆಯಲ್ಲ, ಸೊಸೆಯ ಹಾಲಿನಲ್ಲಿ ವಿಷ ಬೆರೆಸುವ ದರ್ಜೆಯವಳು! ತಿಂಗಳಲ್ಲಿ ಹೆಚ್ಚು ದಿನ ಶೂಟಿಂಗ್. ಬೈಲಹೊಂಗಲದ ಮನೆ, ಬೀಜದ ಅಂಗಡಿ, ರೊಟ್ಟಿ, ಮಗ ಬಸು, ಎಲ್ಲವೂ ಯಜಮಾನರ ಸುಪರ್ದಿಯಲ್ಲಿ. ಬಸು ಚಚಡಿಯ ಶಾಲೆಯ ಟೀಚರ್ ಗಂಗಾಳನ್ನು ಮೆಚ್ಚಿದ. ಮದುವೆಯಾದರೆ ಅವಳನ್ನೇ ಎಂದ. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೊರಟೆವು.

"ನೀ ಏನೂ ಮಾತಾಡಬ್ಯಾಡ," ಎಂದರು ಯಜಮಾನರು ಕಾರಿನಲ್ಲಿ. "ಚಾ ಕುಡಿ, ಉಡಿ ತುಂಬು, ಎದ್ದು ಬಾ. ಹುಡುಗಿ ಅಜ್ಜಿ ದಿನಾ ನಿನ್ನ ಸೀರಿಯಲ್ ನೋಡತಾರಂತ."

"ನಾ ನಟಿ ಅದೀನ್ರೀ! ಒಂದು ಸಂಜಿ ಒಳ್ಳೆ ಅತ್ತಿ ಆಗೂದು ಏನ್ ದೊಡ್ಡದು?"

ಗಂಗಾಳ ಮನೆಯಲ್ಲಿ ಜಮಖಾನದ ಮೇಲೆ ಕುಳಿತೆವು. ಗಂಗಾ ಚಹಾ ತಂದಳು. ಅಜ್ಜಿ ಅವಳ ಸೆರಗು ಹಿಡಿದೇ ಹಿಂದೆ ಬಂದರು. ನಾನು ಮುಗುಳ್ನಗೆ ಧರಿಸಿ ಒಂದು ಗುಟುಕು ಕುಡಿದೆ. ಕುದಿಯುವ ಚಹಾ! ನಾಲಗೆ ಸುಟ್ಟಿತು. ಕೈಯಲ್ಲಿದ್ದ ಕಪ್ ಬಸಿಯ ಮೇಲೆ ಟಕ್ ಎಂದಿತು. ಬಲ ಹುಬ್ಬು ತಾನಾಗಿಯೇ ಮೇಲೇರಿತು. ವರ್ಷಗಟ್ಟಲೆ ಅದಕ್ಕೇ ಸಂಬಳ ಪಡೆದ ಹುಬ್ಬು!

"ಬಂತ ನೋಡ್ರಿ ಆ ಹುಬ್ಬು!" ಅಜ್ಜಿ ಚೀರಿದರು.

ಪರಿಸ್ಥಿತಿ ಸುಧಾರಿಸಲೆಂದು ಗಂಗಾಳ ಕೈ ಹಿಡಿದು ಗದ್ಗದಿತಳಾಗಿ ನುಡಿದೆ, "ನೀ ನಮ್ಮ ಮನಿಗೆ ಸೊಸಿ ಅಲ್ಲವ್ವಾ, ಮಗಳು."

"ಇದನ್ನ ಅಂದ ಮರದಿನಾನ ಹಾಲಿನ್ಯಾಗ ವಿಷಾ ಹಾಕಿದ್ರಿ ಅಕ್ಕಾರ! ನಾ ನೋಡೇನಿ!" ಎಂದರು ಅಜ್ಜಿ.

ನಾನಾಡಿದ್ದು ಧಾರಾವಾಹಿಯದೇ ಡೈಲಾಗ್ ಎಂದು ನನಗೆ ಆಗ ಹೊಳೆಯಿತು. ಇನ್ನು ಕಣ್ಣೀರೊಂದೇ ಬಾಕಿ. ಸೆರಗು ಕಣ್ಣಿಗೊತ್ತಿದೆ. ಗ್ಲಿಸರಿನ್ ಇಲ್ಲದೆ ಒಂದು ಹನಿಯೂ ಇಳಿಯಲಿಲ್ಲ! ಅಷ್ಟರಲ್ಲಿ ಬಸುವಿನ ಮುಖ ಸಪ್ಪಗಾಗಿತ್ತು. ಅದನ್ನು ನೋಡಿ ನಿಜಕ್ಕೂ ಹೆದರಿದೆ.

ಉಡಿ ತುಂಬಲು ಎದ್ದೆ. ಸೆಟ್ಟಿನಲ್ಲಿ ಕೈ ಚಾಚಿದರೆ ಸಾಮಾನು ತಾನೇ ಬರುತ್ತದೆ. ಇಲ್ಲಿಯೂ ಚಾಚಿದೆ. ಯಾರೂ ಕೊಡಲಿಲ್ಲ. ಹುಡುಗನ ತಾಯಿ ತಾನೇ ತರಬೇಕಂತೆ! ಯಜಮಾನರು ಚೀಲದಿಂದ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ತೆಗೆದರು. ಎಲ್ಲವನ್ನೂ ಅವರೇ ಕಟ್ಟಿಕೊಂಡು ಬಂದಿದ್ದರು. ನಾನಿಲ್ಲದ ಮನೆ ಎಷ್ಟು ಚೆನ್ನಾಗಿ ನಡೆಯುತ್ತದೆಂದು ಗೊತ್ತಾಗಿ ಒಳಗೆ ಸ್ವಲ್ಪ ಚುಚ್ಚಿತು.

"ಮೊದಲ ಅಕ್ಕಿ," ಎಂದು ಪಿಸುಗುಟ್ಟಿದರು.

ತುಂಬಿದೆ. ತುಂಬಿ, ತಲೆ ವಾರೆ ಮಾಡಿ, ಕ್ಯಾಮೆರಾದ ಮುಂದಿನಂತೆ ನಗುತ್ತ ನಿಂತೆ. ನಿಂತೇ ಇದ್ದೆ. ಉಡಿ ಹಿಡಿದು ಕಾದು ಸಾಕಾದ ಗಂಗಾ ಮೆಲ್ಲಗೆ ಅಂದಳು, "ಕಟ್ ರೀ, ಅತ್ತಿ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಯಜಮಾನರತ್ತ ತಿರುಗಿದರು. "ಖರೇ ಹೇಳ್ರಿ, ಮನ್ಯಾಗೂ ಹಿಂಗ ದರ್ಬಾರ ಮಾಡತಾರೇನು?"

"ಮನ್ಯಾಗ ಎಲ್ಲಿ ಇರತಾಳರಿ? ಇದ್ದಾಗೂ ಆಕಿ ಮಾತು ಯಾರೂ ಕೇಳಂಗಿಲ್ಲ. ನಮ್ಮ ಬೆಕ್ಕು ಸುದ್ದಾ!"

"ಹಂಗಾರ ನಮ್ಮ ಹುಡುಗಿಗೆ ಅಂಜಿಕಿ ಇಲ್ಲ ಬಿಡ್ರಿ," ಎಂದು ಅಜ್ಜಿ ಸಕ್ಕರೆ ತರಿಸಿದರು. ಮನೆಯಲ್ಲಿ ನನಗೆ ಕಿಮ್ಮತ್ತಿಲ್ಲವೆಂಬ ಏಕೈಕ ಅರ್ಹತೆಯ ಮೇಲೆ ಮಗನ ಮದುವೆ ನಿಶ್ಚಯವಾಯಿತು!

ಈಗ ಗಂಗಾ ನಮ್ಮ ಮನೆಯಲ್ಲಿದ್ದಾಳೆ. ಮೊನ್ನೆ ಶೂಟಿಂಗಿನಿಂದ ಬಂದೆ. ಚಹಾ ತಡವಾಯಿತು. ಊರೂರು ನಡುಗಿಸಿದ ಆ ಬಲ ಹುಬ್ಬನ್ನು ನಿಧಾನವಾಗಿ, ಪೂರ್ತಿಯಾಗಿ ಏರಿಸಿದೆ.

"ಹುಬ್ಬಿಗೆ ಇರಿವಿ ಕಡೀತೇನ್ರಿ, ಅತ್ತಿ?" ಎಂದು ಗಂಗಾ ಕೊಬ್ಬರಿ ಎಣ್ಣೆ ತಂದಳು.

ಹುಬ್ಬು ಇಳಿಸಿ ಹಚ್ಚಿಸಿಕೊಂಡೆ.