ಬಿಲ್ಡ್ ಕೆಡಿಸಿದ್ದು ನಾನೇ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಆಫೀಸಿಗೆ ವಾಪಸಾದವರ ಸುತ್ತ ದಿನಕ್ಕೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ನಗಲು ಮಾತ್ರ ಯಾರಿಗೂ ಧೈರ್ಯವಿರುವುದಿಲ್ಲ. ಹಾಗಾಗಿ ನಾನೇ ನಗುತ್ತೇನೆ. ಆಗ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಎಂಟು ತಿಂಗಳ ರಜೆಯ ನಂತರ ಡಾಕ್ಟರು "ಇನ್ನು ಧಾರಾಳವಾಗಿ ಕೆಲಸಕ್ಕೆ ಹೋಗಿ" ಎಂದರು. ನನಗೆ ಬೇಕಾಗಿದ್ದುದೂ ಅದೊಂದೇ, ನನ್ನ ಹಳೆಯ ಕೆಲಸ.

ಲಡ್ಡು ಎಲ್ಲಿ?

ಮೊದಲ ದಿನ. ಆಫೀಸಿನ ಕ್ಯಾಬ್ ಓಡಿಸುವವರು ಯಾದಗಿರಿ ಕಡೆಯವರು. ಆಗತಾನೆ ಅಂಗುಲದಷ್ಟು ಬೆಳೆದಿದ್ದ ನನ್ನ ಕೂದಲು ನೋಡಿ ಅವರ ಮುಖ ಅರಳಿತು.

"ಅಕ್ಕಾರ, ಭಾಳ ದಿನ ಆತ್ರಿ ನಿಮ್ಮನ್ನ ನೋಡಿ. ತಿರುಪತಿಗೆ ಹೋಗಿದ್ರೇನ್ರಿ?"

ಹೈದರಾಬಾದಿನಲ್ಲಿ ಬೋಳುತಲೆಗೆ ಬೇರೆ ಕಾರಣವನ್ನು ಯಾರೂ ಹುಡುಕುವುದಿಲ್ಲ. ಇಷ್ಟು ಚೆಂದದ ಸುಳ್ಳು ತಾನಾಗಿ ಕೈಗೆ ಸಿಕ್ಕಾಗ ಬಿಡುವುದುಂಟೇ? "ಹೂಂ" ಎಂದೆ.

ದಾರಿಯುದ್ದಕ್ಕೂ ತಡೆದುಕೊಂಡಿದ್ದರು. ಇಳಿಯುವಾಗ ಕೇಳಿಯೇಬಿಟ್ಟರು: "ಎಂಟ್ ತಿಂಗ್ಳ ಅಲ್ಲೇ ಇದ್ದು, ಒಂದ್ ಲಡ್ಡು ತರಾಕ ಆಗ್ಲಿಲ್ಲೇನ್ರಿ ಅಕ್ಕಾರ?"

ಮಾವನ ಸಮಾಚಾರ

ಆಫೀಸಿನಲ್ಲಿ ಎಲ್ಲರೂ ಪಿಸುಮಾತಿನಲ್ಲೇ ವಿಚಾರಿಸಿಕೊಂಡರು. ನನ್ನ ಮೇಜಿನ ಮೇಲೆ ಮೂರು ಡಬ್ಬಿ ಬಂದು ಕೂತವು: ಗೋಧಿಹುಲ್ಲಿನ ರಸ, ಅರಿಶಿನದ ಉಂಡೆ, ಇನ್ನೊಂದರಲ್ಲಿ ಏನೆಂದು ತಂದವರಿಗೂ ಗೊತ್ತಿರಲಿಲ್ಲ. ಪಕ್ಕದ ಸೀಟಿನ ಮಂಗಳೂರಿನವಳು ಕುರ್ಚಿ ಎಳೆದುಕೊಂಡು ಬಂದು ಧೈರ್ಯ ಹೇಳಿದಳು.

"ಹೆದರಬೇಡಿ ಮಾರಾಯ್ರೆ. ನಮ್ಮ ಮಾವನಿಗೂ ಇದೇ ಆದದ್ದು. ಇದೇ ಚಿಕಿತ್ಸೆ, ಇದೇ ಮಾತ್ರೆ."

"ಹೌದಾ! ಈಗ ಹೇಗಿದ್ದಾರೆ?"

ಅವಳು ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸಿದಳು. "ಕಾಫಿ ಕುಡಿಯುವಾ, ಬನ್ನಿ" ಎಂದು ಎದ್ದುಬಿಟ್ಟಳು.

ಸಮೋಸ

ಎಲ್ಲ ಬಂತು, ಕೆಲಸ ಮಾತ್ರ ಬರಲಿಲ್ಲ. ನಮ್ಮ ಮ್ಯಾನೇಜರ್ ಬೈಗುಳಕ್ಕೆ ಹೆಸರುವಾಸಿ. ಅಂಥವರು ಈಗ "ರೆಸ್ಟ್ ತಗೋ ಅಮ್ಮಾ" ಎನ್ನುತ್ತಿದ್ದರು. ಮೂರು ವಾರದಲ್ಲಿ ನಾನು ಮಾಡಿದ್ದು ಬರ್ತ್‌ಡೇ ಕೇಕಿಗೆ ಆರ್ಡರ್ ಕೊಟ್ಟಿದ್ದಷ್ಟೇ. ಕಾಯಿಲೆಗೂ ಇಷ್ಟು ಹೆದರಿರಲಿಲ್ಲ, ಇನ್ನು ನನ್ನಿಂದ ಯಾರಿಗೂ ಕೆಲಸ ಬೇಡವೇನೋ ಎಂದು ಹೆದರಿದೆ. ದಿನಾ ಸಂಜೆ ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿ ಇದನ್ನೇ ಹೇಳಿ ಅಳುತ್ತಿದ್ದೆ. ಕೊನೆಗೆ ಯಾರೂ ಮುಟ್ಟದೆ ಬಿಟ್ಟಿದ್ದ ಒಂದು ಸಣ್ಣ ಬಗ್, ಅಂದರೆ ಪ್ರೋಗ್ರಾಮಿನಲ್ಲಿದ್ದ ದೋಷ, ಹುಡುಕಿ, ಯಾರನ್ನೂ ಕೇಳದೆ ನಾನೇ ಸರಿಮಾಡಿ ಎಲ್ಲರ ಪ್ರೋಗ್ರಾಮಿನ ಜೊತೆ ಸೇರಿಸಿದೆ.

ಎಲ್ಲರೂ ಬರೆದ ಪ್ರೋಗ್ರಾಮುಗಳನ್ನು ಒಟ್ಟುಗೂಡಿಸುವುದಕ್ಕೆ ನಾವು ಬಿಲ್ಡ್ ಎನ್ನುತ್ತೇವೆ. ಅದನ್ನು ಕೆಡಿಸಿದವರು ಇಡೀ ಟೀಮಿಗೆ ಸಮೋಸ ತರಿಸಬೇಕು, ಇದು ನಮ್ಮ ಕಾನೂನು. ಅವತ್ತು ಮಧ್ಯಾಹ್ನ ಬಿಲ್ಡ್ ಕೆಟ್ಟಿತು. ಕೆಡಿಸಿದ್ದು ನಾನು, ಅದು ಎಲ್ಲರಿಗೂ ಗೊತ್ತು.

ಮಂಗಳೂರಿನವಳು "ನಂದೇ ತಪ್ಪು" ಎಂದಳು. ಹಿಂದಿನ ಸೀಟಿನವನು "ಇಲ್ಲ, ನಂದು" ಎಂದ. ಮ್ಯಾನೇಜರ್ "ಸರ್ವರ್ ತಪ್ಪು" ಎಂದು ತೀರ್ಪು ಕೊಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಯಾರು ಏನು ಸೇರಿಸಿದರೆಂಬ ದಾಖಲೆಯನ್ನು ಗೋಡೆಯ ದೊಡ್ಡ ಪರದೆಗೆ ಹಾಕಿ ಕೂಗಿದೆ: "ನೋಡಿ ಸರ್, ಹೆಸರು ನಂದು, ತಪ್ಪು ನಂದು, ಸಮೋಸಾನೂ ನಂದೇ! ಟೆಸ್ಟ್ ಕೂಡ ಮಾಡದೆ ಸೇರಿಸಿದ್ದೀನಿ!"

"ಟೆಸ್ಟ್ ಮಾಡಲಿಲ್ವಾ?"

ಮ್ಯಾನೇಜರ್ ಕಿವಿ ಕೆಂಪಾಯಿತು. ಪಾಪ, ಎಷ್ಟೋ ವರ್ಷದ ಅಭ್ಯಾಸ, ತಡೆಯಲಾಗಲಿಲ್ಲ. "ನೀಕು ಬುದ್ಧಿ ಉಂದಾ?" ಎಂದು ತೆಲುಗಿನಲ್ಲಿ ಶುರುವಾದ ಬೈಗುಳ ಹಿಂದಿಗೆ ದಾಟಿ ಇಂಗ್ಲಿಷಿನಲ್ಲಿ ಮುಗಿಯಿತು. ನಾಳೆಯೊಳಗೆ ಇದನ್ನು ಸರಿಮಾಡಬೇಕು, ಮಿಕ್ಕ ನಾಲ್ಕು ಬಗ್ಗುಗಳನ್ನೂ ನಾನೇ ನೋಡಬೇಕು!

ಎದೆ ಹಗುರಾಯಿತು. ಬಿಸಿ ಸಮೋಸ ಹಂಚಿ, ಓಡಿಹೋಗಿ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ಇವತ್ತು ಮ್ಯಾನೇಜರ್ ಎಲ್ಲರೆದುರು ನನಗೆ ಹಿಗ್ಗಾಮುಗ್ಗಾ ಬೈದರು!"



"ದೇವರು ದೊಡ್ಡವನು ಕಣೇ! ಆ ಪುಣ್ಯಾತ್ಮನ ನಕ್ಷತ್ರ ಯಾವುದು ಕೇಳು, ಅವರ ಹೆಸರಲ್ಲೂ ಒಂದು ಅರ್ಚನೆ ಮಾಡಿಸ್ತೀನಿ."