ಗೆರೆಯಪ್ಪನ ಬೀದಿ

ಸಾಹೇಬರು ಅವತ್ತು ಕನ್ನಡಕ ಮನೆಯಲ್ಲಿ ಮರೆತು ಬಂದರು ನೋಡಿ, ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ನಗರಸಭೆಯ ನಕ್ಷೆ ವಿಭಾಗದಲ್ಲಿ ಒಬ್ಬನಿದ್ದ. ಸರ್ವೆಯವರು ಅಳೆದು ತಂದ ರಸ್ತೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಯಾವುದಕ್ಕೆ ಯಾವ ಬಣ್ಣ, ಯಾವುದು ಎಷ್ಟು ದಪ್ಪ ಎಂದು ಹೊಂದಿಸುವುದು ಅವನ ಕೆಲಸ. ಇಡೀ ಕಚೇರಿ ಅವನನ್ನು ಗೆರೆಯಪ್ಪ ಎಂದೇ ಕರೆಯುತ್ತಿತ್ತು.

"ರಸ್ತೆ ಎಲ್ರೀ? ನಂಗೇನೂ ಕಾಣ್ತಿಲ್ಲ," ಎಂದರು ಸಾಹೇಬರು, ಪರದೆಗೆ ಮೂಗು ತಾಗಿಸಿ. "ಅಗಲ ಮಾಡೋಕೆ ಒಂದು ರಸ್ತೆ ಆರಿಸಿ ಅಂತ ಮೇಲಿನವರು ನನ್ನ ಜೀವ ತಿಂತಿದಾರೆ. ದಪ್ಪ ಮಾಡಿ, ಕೆಂಪು ಹಾಕಿ, ಗೋಡೆಗೆ ಅಂಟಿಸಿ!"

"ಸಾರ್, ಜಾಸ್ತಿ ದಪ್ಪ ಮಾಡಿದ್ರೆ ಗೆರೆ ಪಕ್ಕದ ಮನೆಗಳ ಮೇಲೆ ಕೂರತ್ತೆ."

"ಕೂರ್ಲಿ ಬಿಡ್ರೀ! ಗೆರೆ ಕೂತ್ರೆ ಮನೆ ಬೀಳತ್ತಾ?"

ಗೆರೆಯಪ್ಪ ದಪ್ಪ ಮಾಡಿದ. ನಕ್ಷೆ ಅಚ್ಚಾಗಿ ಬಾಗಿಲ ಪಕ್ಕದ ಗೋಡೆಗೇರಿತು. ನಲ್ಲಿ ನೀರಿನ ದೂರು ಹೊತ್ತು ಬಂದಿದ್ದ ಅವನ ಪಕ್ಕದ ಮನೆಯ ಟೈಲರಮ್ಮ ಅದನ್ನು ನೋಡಿದರು, ಫೋಟೊ ತೆಗೆದರು, ಬೀದಿಯವರ ಗ್ರೂಪಿಗೆ ಕಳಿಸಿಯೇ ಬಿಟ್ಟರು. ಸರಿ, ಹೆಂಡತಿಯ ಫೋನು ಬಂತು.

"ಏನ್ರೀ, ಅಪ್ಪನ ಮನೆ ಮೇಲೇ ರಸ್ತೆ ಹಾಕಿದೀರಂತೆ? ತಲೆ ನೆಟ್ಟಗಿದೆಯಾ?"

"ಅಯ್ಯೋ, ಅದು ಬರೀ ಗೆರೆ ಕಣೇ!"

"ಮುಂದಿನ ರೂಮು ಪೂರ್ತಿ ಕೆಂಪಗಿದೆ ಅಂತ ಅಪ್ಪ ಕುಣೀತಿದಾರೆ."

ಮುಂದಿನ ರೂಮು ಎಂದದ್ದೇ ತಡ, ಗೆರೆಯಪ್ಪ ಕುರ್ಚಿಯಿಂದ ಎದ್ದೇ ಬಿಟ್ಟ. ಪಾಪ, ಅವನು ಮನೆ ಅಳಿಯ. ಮದುವೆಯಾದಾಗಿನಿಂದ ಗಂಡ ಹೆಂಡತಿ ಹಾಲಿನಲ್ಲೇ ಮಲಗುತ್ತಿದ್ದರು, ಮಾವನ ಗೊರಕೆ ಕೇಳಿಕೊಂಡು. ಕಾಡಿ ಬೇಡಿ ಗೋಗರೆದ ಮೇಲೆ ಬೀದಿ ಬದಿಯ ಆ ರೂಮು ಬಿಟ್ಟುಕೊಡಲು ಮಾವ ಒಪ್ಪಿದ್ದರು. ಅವತ್ತೇ ಸಂಜೆ ಬೀಗದ ಕೈ ಸಿಗಬೇಕಿತ್ತು.

ಮಧ್ಯಾಹ್ನಕ್ಕೆ ಮಾವ ಅರ್ಧ ಬೀದಿಯನ್ನು ಕಟ್ಟಿಕೊಂಡು ಕಚೇರಿಗೇ ಬಂದರು.

"ಏನು ಅಳಿಯಂದಿರೇ, ಅನ್ನ ಹಾಕಿದ ಮನೆ ಮೇಲೇ ರಸ್ತೆ ಎಳೀತೀರಾ?"

"ಮಾವಾ, ಕಾಗದದ ಮೇಲೆ ದಪ್ಪ ಕಂಡ್ರೆ ನೆಲದ ಮೇಲೆ ರಸ್ತೆ ಅಗಲ ಆಗಲ್ಲ."

"ಯಾರಿಗ್ರೀ ಹೇಳ್ತೀರಿ?" ಟೈಲರಮ್ಮ ನಡುವೆ ಬಾಯಿ ಹಾಕಿದರು. "ನಾನು ಬಟ್ಟೆ ಮೇಲೆ ಗೆರೆ ಎಳೆದ ಕಡೆನೇ ಕತ್ತರಿ ಆಡ್ಸೋದು. ಗೆರೆ ಅಂದ್ರೆ ಏನು ಅಂತ ನಂಗೊತ್ತಿಲ್ವಾ?"

"ರೂಮು ಬೇಕಾದ್ರೆ ಗೆರೆ ತೆಗೀರಿ," ಎಂದು ಮಾವ ಕುರ್ಚಿ ಎಳೆದು ಕೂತರು.

ಸಾಹೇಬರು ಊಟಕ್ಕೆ ಮನೆಗೆ ಹೋಗಿದ್ದರು. ಈಗ ಆಗದಿದ್ದರೆ ಇನ್ನಿಲ್ಲ. ಆದರೆ ಒಂದೇ ಬಗೆಯ ರಸ್ತೆಗಳಿಗೆಲ್ಲ ಒಂದೇ ದಪ್ಪ. ಎಲ್ಲವನ್ನೂ ಸಣ್ಣ ಮಾಡಿದರೆ ಸಾಹೇಬರು ಸುಮ್ಮನಿರುವುದಿಲ್ಲ. ಗೆರೆಯಪ್ಪ ಹಿಂದೆ ಮುಂದೆ ನೋಡಿ, ತನ್ನ ಬೀದಿಯೊಂದನ್ನೇ ಗುಂಪಿನಿಂದ ಬೇರ್ಪಡಿಸಿ, ನೂಲಿನಷ್ಟು ತೆಳ್ಳಗೆ ಮಾಡಿದ. ಹೊಸ ಪ್ರತಿ ತೆಗೆದು ಹಳೆಯದರ ಮೇಲೆ ಅಂಟಿಸಿದ.

ಮಾವ ಕಾಗದದ ಮೇಲಿನ ಮನೆಯನ್ನು ಬೆರಳಿನಿಂದ ಸವರಿ ನೋಡಿದರು. ಮುಖ ಅರಳಿತು. "ಅಳಿಯ ಅಂದ್ರೆ ಹೀಗಿರ್ಬೇಕು!" ಎಂದು ಜೇಬಿನಿಂದ ಬೀಗದ ಕೈ ತೆಗೆದು ಅಲ್ಲೇ ಕೊಟ್ಟರು. ಗೆರೆಯಪ್ಪನಿಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಸಾಹೇಬರು ಬಂದರು. ಮೂಗಿನ ಮೇಲೆ ಕನ್ನಡಕವಿತ್ತು.

"ಆಹಾ, ಈಗ ಕಾಣ್ತಿದೆ!" ನಕ್ಷೆಯ ಮೇಲೆ ಓಡುತ್ತಿದ್ದ ಬೆರಳು ಗಕ್ಕನೆ ನಿಂತಿತು. "ಇದೇನ್ರೀ, ಇದೊಂದು ಬೀದಿ ಇಷ್ಟು ಇಕ್ಕಟ್ಟಾ? ಬೆಂಕಿ ಬಿದ್ರೆ ಗಾಡಿ ಹೋಗೋದು ಹೇಗೆ?"

"ಸಾರ್, ಬೀದಿ ಸಣ್ಣದಲ್ಲ... ಗೆರೆ ಸಣ್ಣ..."

"ಅಂದ್ರೆ ನಕ್ಷೆ ತಪ್ಪಾ? ಈ ಬೀದಿಗೆ ಮಾತ್ರ ಬೇರೆ ಗೆರೆ ಹಾಕಿದ್ಯಾರು? ಯಾರದ್ರೀ ಈ ಬೀದಿ?"

ನಿಜ ಹೇಳಿದರೆ ಕೆಲಸ ಹೋಗುತ್ತದೆ.

"ಇಲ್ಲ ಸಾರ್. ನಕ್ಷೆ ಸರಿಯಾಗೇ ಇದೆ."

"ಮತ್ತೆ! ಹುಡುಕ್ತಿದ್ದ ರಸ್ತೆ ಸಿಕ್ತು ಬಿಡಿ. ಅಗಲ ಮಾಡೋ ಕೆಲಸ ಇಲ್ಲಿಂದ್ಲೇ ಶುರು. ಎರಡೂ ಕಡೆ ಮುಂದಿನ ಒಂದೊಂದು ರೂಮು ಹೋಗ್ಬಹುದು, ಅಷ್ಟೇ. ನಾಳೆ ನೀವೇ ಬಿಡಿಸಿ. ದಪ್ಪಗೆ, ಕೆಂಪಗೆ!"

ಮಾವ ಬೀಗದ ಕೈಗಾಗಿ ಅಂಗೈ ಚಾಚಿದರು. ಟೈಲರಮ್ಮ ನಿಟ್ಟುಸಿರು ಬಿಟ್ಟರು.

"ನಾನು ಆಗ್ಲೇ ಹೇಳ್ಲಿಲ್ವಾ, ಗೆರೆ ಎಳೆದ ಕಡೆನೇ ಕತ್ತರಿ ಅಂತ?"